ನಿಘಂಟಿನ ಅರ್ಥ, ನಾಲ್ಕೂರಿನ ಅರ್ಥ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ - ಈ ನಾಲ್ಕು ಊರುಗಳ ಕಾಲೇಜುಗಳಲ್ಲಿ ಕನ್ನಡ ಅಧ್ಯಾಪಕನಾಗಿ ನನ್ನ ವೃತ್ತಿಜೀವನದ ಬಹುಭಾಗ ಕಳೆಯಿತು. ವರ್ಗಾವಣೆಯ ಆದೇಶ ಬಂದಾಗಲೆಲ್ಲ ಪುಸ್ತಕದ ಪೆಟ್ಟಿಗೆಗಳೊಂದಿಗೆ ಹೊತ್ತೊಯ್ಯುತ್ತಿದ್ದ ಒಂದು ದಪ್ಪ ನೋಟುಪುಸ್ತಕ ಈಗಲೂ ನನ್ನ ಮೇಜಿನ ಮೇಲಿದೆ. ಅದರ ಪ್ರತಿ ಪುಟದ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ. ಗೆರೆಯ ಎಡಕ್ಕೆ ಇಂಗ್ಲಿಷ್ ಪದವೊಂದರ ನಿಘಂಟಿನ ಅರ್ಥ. ಬಲಕ್ಕೆ ಅದೇ ಪದಕ್ಕೆ, ಇಲ್ಲವೆ ಕಿವಿಗೆ ಅದರಂತೆಯೇ ಕೇಳಿಸುವ ಮತ್ತೊಂದು ಪದಕ್ಕೆ, ಈ ನಾಲ್ಕು ಊರುಗಳ ಸಂತೆಬೀದಿಯಲ್ಲೂ ಬಸ್ಸಿನಲ್ಲೂ ಹೊಲದ ಬದುವಿನಲ್ಲೂ ನಡೆಯುವ ಅರ್ಥ. ಮೊದಲ ಪುಟದ ಮೊದಲ ನಮೂದು 'ಬ್ಯಾರನ್'. ಅಕಾರಾದಿಯ ಪ್ರಕಾರ ಅದು ಮೊದಲು ಬರಬೇಕಾದ ಪದವಲ್ಲ. ಅದು ಅಲ್ಲಿಗೆ ಬಂದದ್ದು ನಾನು ಮಾಡಿದ ಒಂದು ತಪ್ಪಿನಿಂದ.

ಆಗ ನಾನು ಅರಕಲಗೂಡಿನಲ್ಲಿದ್ದೆ, ವಯಸ್ಸು ಚಿಕ್ಕದು. ರಜೆಯ ಅರ್ಜಿಗಳನ್ನು ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿಯೇ ಬರೆಯಬೇಕೆಂಬ ನಿಯಮವನ್ನು ಕಾಲೇಜು ಮಾಡಿತ್ತು. ಅವರಿಗೆ ಭಾಷೆ ರೂಢಿಯಾಗಲಿ ಎಂಬುದು ಅದರ ಉದ್ದೇಶ. ರಾಮನಾಥಪುರದ ಕಡೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ಒಂದು ವಾರ ಕಾಣೆಯಾಗಿದ್ದು, ಮರುವಾರ ಬಂದು ಚೀಟಿಯೊಂದನ್ನು ನನ್ನ ಮುಂದಿಟ್ಟ. ತಮ್ಮ ಬ್ಯಾರನ್ ಸುಟ್ಟುಹೋದ ಕಾರಣ ತರಗತಿಗೆ ಬರಲಾಗಲಿಲ್ಲ ಎಂದು ಅದರಲ್ಲಿತ್ತು. ಪದದ ಕಾಗುಣಿತ ಸ್ಪಷ್ಟವಾಗಿತ್ತು: ಬಿ, ಎ, ಆರ್, ಓ, ಎನ್. ನಿಘಂಟಿನಲ್ಲಿ ಆ ಕಾಗುಣಿತಕ್ಕೆ ಇರುವ ಅರ್ಥ ಯುರೋಪಿನ ಒಬ್ಬ ಸಾಮಂತ, ಬಿರುದು ಹೊತ್ತ ಜಮೀನುದಾರ. ನಾನು ಚೀಟಿಯನ್ನು ತರಗತಿಯ ಮುಂದೆ ಗಟ್ಟಿಯಾಗಿ ಓದಿ, "ಯಾವ ಸಂಸ್ಥಾನದ ಬ್ಯಾರನ್ ಅಪ್ಪಾ ಸುಟ್ಟುಹೋದವನು? ಇಂಗ್ಲೆಂಡಿಗೆ ತಂತಿ ಕೊಡಬೇಕೇನು?" ಎಂದೆ. ಪಟ್ಟಣದ ಹುಡುಗರು ನಕ್ಕರು. ಹಿಂದಿನ ಬೆಂಚುಗಳಲ್ಲಿದ್ದ ಹೊಗೆಸೊಪ್ಪಿನ ಹಳ್ಳಿಗಳ ಹುಡುಗರು ನಗಲಿಲ್ಲ. ಆ ಮೌನವನ್ನು ನಾನು ಗಮನಿಸಿದೆ, ಅರ್ಥಮಾಡಿಕೊಳ್ಳಲಿಲ್ಲ.

ಸಂಜೆ ಕಾಲೇಜಿನ ಜವಾನ ಬಾಗಿಲು ಹಾಕುತ್ತ, "ಸಾ, ನೀವು ಅಂಗನ್ನಬಾರದಿತ್ತು. ಅವರಪ್ಪನ ಬ್ಯಾರನ್ನು ಎಲೆ ಸಮೇತ ಸುಟ್ಟೋಗೈತೆ. ವರ್ಸದ ದುಡಿಮೆ ಸಾ ಅದು" ಎಂದ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರು ಕಡೆಗಳಲ್ಲಿ ವರ್ಜೀನಿಯಾ ತಂಬಾಕನ್ನು ಬೆಳೆಯುತ್ತಾರೆ. ತಂಬಾಕು ಮಂಡಳಿ 1976ರಲ್ಲಿ ಸ್ಥಾಪನೆಯಾಯಿತು. ರಾಮನಾಥಪುರದಲ್ಲಿ ಅದರ ಹರಾಜು ಮಾರುಕಟ್ಟೆಯಿದೆ. ಹಸಿರು ಎಲೆಯನ್ನು ಕಡ್ಡಿಗಳಿಗೆ ಕಟ್ಟಿ, ಎತ್ತರದ ಮುಚ್ಚಿದ ಕೋಣೆಯೊಂದರಲ್ಲಿ ಸಾಲುಸಾಲಾಗಿ ತೂಗುಬಿಟ್ಟು, ಹೊರಗಿನ ಒಲೆಯಲ್ಲಿ ಸೌದೆಯುರಿ ಹಾಕಿ, ಕಬ್ಬಿಣದ ಕೊಳವೆಗಳ ಮೂಲಕ ಶಾಖವನ್ನು ಒಳಗೆ ಹಾಯಿಸಿ ಹಲವು ಹಗಲಿರುಳು ಎಲೆಯನ್ನು ಹದ ಮಾಡುತ್ತಾರೆ. ಆ ಕೋಣೆಯೇ ಬ್ಯಾರನ್. ಒಣಗಿದ ಎಲೆಯೊಂದು ಕಡ್ಡಿಯಿಂದ ಜಾರಿ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು, ಒಳಗಿರುವುದೆಲ್ಲ ಬೂದಿ. ಇಂಗ್ಲಿಷಿನಲ್ಲಿ ಈ ಕಟ್ಟಡದ ಹೆಸರು ಬಾರ್ನ್, ಅಂದರೆ ಕಣಜ. ಹುಡುಗ ಬರೆಯಬೇಕಾಗಿದ್ದದ್ದು ಅದನ್ನು. ಅವನ ಕಿವಿಗೆ ಹುಟ್ಟಿದಾಗಿನಿಂದ ಬಿದ್ದದ್ದು ಬ್ಯಾರನ್. ಆ ಸದ್ದಿಗೆ ಹೊಂದುವ ಕಾಗುಣಿತವನ್ನು ಅವನು ಶ್ರದ್ಧೆಯಿಂದಲೇ ಹುಡುಕಿದ್ದ. ಅವನಿಗೆ ಸಿಕ್ಕಿದ್ದು ಸಾಮಂತನ ಕಾಗುಣಿತ.

ಮುಂದಿನ ಭಾನುವಾರ ಅವರ ಹಳ್ಳಿಗೆ ಹೋದೆ. ಮಾಡು ಕುಸಿದು, ಗೋಡೆ ಕಪ್ಪಾಗಿ ನಿಂತಿದ್ದ ಕಟ್ಟಡವನ್ನು ಹುಡುಗನ ತಂದೆಯೇ ತೋರಿಸಿದರು. ಏಕೆ ಬಂದೆನೆಂಬುದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಬ್ಯಾರನ್ನಿಗೆ ಬ್ಯಾರನ್ ಅಂತಲೇ ಅಲ್ವಾ ಮೇಷ್ಟ್ರೆ ಅನ್ನೋದು? ಬ್ಯಾರೆ ಏನಂತಾರೆ?" ಎಂದು ಕೇಳಿದರು. ಅಣಕವಿರಲಿಲ್ಲ, ನಿಜವಾಗಿಯೂ ತಿಳಿಯಬಯಸಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. "ಕಾಪಿ ಕುಡ್ಕಂಡು ಓಗಿ" ಎಂದು ಒಳಗೆ ಕರೆದರು. ಹುಡುಗ ಲೋಟ ತಂದುಕೊಟ್ಟ, ಮುಖ ನೋಡಲಿಲ್ಲ. ಆ ರಾತ್ರಿ ನೋಟುಪುಸ್ತಕವನ್ನು ಆರಂಭಿಸಿದೆ.

ತಂದೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ಮೊದಲು ಇಂಗ್ಲಿಷ್ ನಿಘಂಟುಗಳನ್ನು ತೆರೆದೆ. ಬಾರ್ನ್ ಎಂಬುದು ಹಳೆಯ ಇಂಗ್ಲಿಷಿನ ಎರಡು ಪದಗಳು ಕೂಡಿದ ಸಮಾಸ: 'ಬೆರೆ' ಎಂದರೆ ಬಾರ್ಲಿ, 'ಅರ್ನ್' ಎಂದರೆ ಮನೆ. ಬಾರ್ಲಿಯ ಮನೆ. ಕಾಲಾಂತರದಲ್ಲಿ ನಡುವಿನ ಸ್ವರಗಳು ಸವೆದು ಒಂದೇ ಅಕ್ಷರಗುಚ್ಛವಾಯಿತು. ಆ ಸವೆದ ಪದ ಅರಕಲಗೂಡಿಗೆ ಬಂದಾಗ, ರೇಫೆಯ ಒತ್ತನ್ನು ಒಲ್ಲದ ನಮ್ಮ ನಾಲಗೆ ನಡುವೆ ಮತ್ತೆ ಒಂದು ಸ್ವರವನ್ನು ಸೇರಿಸಿತು. ವರ್ಷ ವರುಷವಾದಂತೆ, ಹರ್ಷ ಹರುಷವಾದಂತೆ, ರತ್ನ ರತುನವಾದಂತೆ ಬಾರ್ನ್ ಬ್ಯಾರನ್ ಆಯಿತು. ವ್ಯಾಕರಣದಲ್ಲಿ ಇದಕ್ಕೆ ಸ್ವರಭಕ್ತಿ ಎಂದು ಹೆಸರು. ಇದು ಅಜ್ಞಾನದ ಉಚ್ಚಾರಣೆಯಲ್ಲ, ನಿಯಮಬದ್ಧವಾದ ತದ್ಭವ.

ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಇಂಥ ಮಾರ್ಪಾಟುಗಳಿಗಾಗಿಯೇ ಅಪಭ್ರಂಶಪ್ರಕರಣವನ್ನು ಮೀಸಲಿಟ್ಟ. ಅವನ ತಂದೆ 'ಸೂಕ್ತಿಸುಧಾರ್ಣವ'ದ ಮಲ್ಲಿಕಾರ್ಜುನ, ಸೋದರಮಾವ ಜನ್ನ. ಮನೆತನವೇ ಹೊಯ್ಸಳರ ಆಸ್ಥಾನಕ್ಕೆ ಸೇರಿದ್ದು. ಆ ರಾಜಧಾನಿ ದೋರಸಮುದ್ರ, ಇಂದಿನ ಹಳೇಬೀಡು, ನಮ್ಮ ಜಿಲ್ಲೆಯಲ್ಲಿಯೇ ಇದೆ. ಹೊರಗಿನ ಪದ ಕನ್ನಡಕ್ಕೆ ಬರುವಾಗ ಯಾವ ಬಾಗಿಲಿನಿಂದ ಬರುತ್ತದೆ, ಬಾಗಿಲಲ್ಲಿ ಏನನ್ನು ಬಿಟ್ಟು ಬರುತ್ತದೆ ಎಂಬುದನ್ನು ಲಕ್ಷಣಕಾರರು ಅಷ್ಟು ಹಿಂದೆಯೇ ಚಿಂತಿಸಿದ್ದರು. ಆ ಪ್ರಕರಣವನ್ನು ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಅದರ ಜೀವಂತ ಉದಾಹರಣೆ ಚೀಟಿಯಾಗಿ ಎದುರಿಗೆ ಬಂದಾಗ ಮಾತ್ರ ನಕ್ಕಿದ್ದೆ.

ಬ್ಯಾರನ್ ಅಭ್ಯಾಸವಾದ ಮೇಲೆ ಕಿವಿ ತೆರೆಯಿತು. ಅರಕಲಗೂಡಿನಿಂದ ಹೊರಟ ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರ ಮಾತು: "ನಿಂದು ಬೇಲ್ ಆಯ್ತೇನಣ್ಣ?" "ಇಲ್ಲ ಕಣಪ್ಪ, ನಾಡಿದ್ದಿಗೆ ಐತೆ." ಯಾವುದೋ ಮೊಕದ್ದಮೆಯ ಆರೋಪಿ ಹಿಂದೆ ಕುಳಿತಿದ್ದಾನೆಂದು ಭಾವಿಸಿದೆ. ಸ್ವಲ್ಪ ಹೊತ್ತಿನಲ್ಲಿ ಕಿಲೋ, ದರ, ದರ್ಜೆಗಳ ಮಾತು ಬಂತು. ಅದು ಹರಾಜಿಗೆ ಕಟ್ಟಿದ ಹೊಗೆಸೊಪ್ಪಿನ ಹೊರೆ. ಇಂಗ್ಲಿಷಿನಲ್ಲಿ ಹೊರೆಯ ಬೇಲ್‌ಗೂ ಜಾಮೀನಿನ ಬೇಲ್‌ಗೂ ಕಾಗುಣಿತ ಬೇರೆ. ಕಿವಿಗೆ ಎರಡೂ ಒಂದೇ. ಕನ್ನಡ ಲಿಪಿಯಲ್ಲಿ ಬರೆದರೆ ಕಣ್ಣಿಗೂ ಒಂದೇ. ಆದರೂ ಅರಕಲಗೂಡಿನಲ್ಲಿ ಯಾರಿಗೂ ಗೊಂದಲವಿಲ್ಲ. ಹೊಗೆಸೊಪ್ಪಿನ ಬೇಲನ್ನು ಕಟ್ಟುತ್ತಾರೆ, ಹೊರುತ್ತಾರೆ, ಇಳಿಸುತ್ತಾರೆ. ನ್ಯಾಯಾಲಯದ ಬೇಲು ಸಿಗುತ್ತದೆ, ಇಲ್ಲವೆ ಅದನ್ನು ಯಾರಾದರೂ ಕೊಡಿಸುತ್ತಾರೆ. ಗೊಂದಲವಾದದ್ದು ನನಗೆ, ಏಕೆಂದರೆ ಅವರು ಬಳಸಿದ 'ಆಯ್ತು' ಎಂಬ ಕ್ರಿಯಾಪದ ಎರಡಕ್ಕೂ ಹೊಂದುವಂಥದ್ದು.

ಇಲ್ಲಿ ಮೊದಲ ಸುಳಿವು ಸಿಕ್ಕಿತು. ಅದನ್ನು ದೃಢಪಡಿಸಿದ್ದು ಹೊಳೆನರಸೀಪುರ.

ಅಲ್ಲಿಗೆ ವರ್ಗವಾಗಿ ಹೋದ ವರ್ಷ, ಪ್ರವೇಶದ ದಿನಗಳಲ್ಲಿ, ರೈತರೊಬ್ಬರು ಮಗನೊಂದಿಗೆ ಕಚೇರಿಗೆ ಬಂದರು. ಕೊನೆಯ ದಿನಾಂಕ ಮುಗಿದಿತ್ತು. ಏಕೆ ತಡವಾಯಿತೆಂದು ಗುಮಾಸ್ತೆ ಕೇಳಿದಾಗ ಅವರೆಂದರು: "ಟೀಸಿ ಸುಟ್ಟೋಗಿತ್ತು ಸ್ವಾಮಿ, ಎಂಟು ದಿನ ಅದರ ಹಿಂದೆಯೇ ಅಲೆದೆ." ಗುಮಾಸ್ತೆ ಮರುಕದಿಂದ, ಹಿಂದಿನ ಶಾಲೆಯಿಂದ ನಕಲು ಟೀಸಿ ಪಡೆಯುವ ಕ್ರಮವನ್ನು ವಿವರಿಸತೊಡಗಿದ. ರೈತರು ಜೇಬಿನಿಂದ ಮಗನ ವರ್ಗಾವಣೆ ಪತ್ರವನ್ನು ತೆಗೆದು ಮೇಜಿನ ಮೇಲಿಟ್ಟರು. ಸುಟ್ಟದ್ದು ಊರಾಚೆಯ ವಿದ್ಯುತ್ ಪರಿವರ್ತಕ. ಅದಕ್ಕೂ ನಮ್ಮಲ್ಲಿ ಟೀಸಿ ಎಂದೇ ಹೆಸರು. ಮೈಸೂರು - ಅರಸೀಕೆರೆ ರೈಲುಮಾರ್ಗ ಆ ಊರನ್ನು ಹಾದುಹೋಗುವುದರಿಂದ ರೈಲಿನಲ್ಲಿ ಟಿಕೆಟ್ ನೋಡುವ ಮೂರನೆಯ ಟೀಸಿಯೂ ಅಲ್ಲಿಯವರಿಗೆ ಪರಿಚಿತ. ಟೀಸಿ ಸುಟ್ಟಿತು, ಟೀಸಿ ಕಿತ್ತುಕೊಂಡ, ಟೀಸಿ ಹಿಡಿದ - ನಾಮಪದ ಒಂದೇ, ಕ್ರಿಯಾಪದ ಬದಲಾದೊಡನೆ ಪರಿವರ್ತಕ, ಪತ್ರ, ನೌಕರ ಮೂವರೂ ಬೇರೆಬೇರೆಯಾಗಿ ನಿಲ್ಲುತ್ತಾರೆ.

ಹೊಳೆನರಸೀಪುರದ ಮತ್ತೊಂದು ಪದ 'ಚಾನಲ್ಲು'. ಹೇಮಾವತಿ ಊರಿನ ಮಗ್ಗುಲಲ್ಲೇ ಹರಿಯುತ್ತಾಳೆ. ಮೇಲೆ ಗೊರೂರಿನಲ್ಲಿ ಜಲಾಶಯ. ಆ ಸೀಮೆಯ ರೈತನ ಬಾಯಲ್ಲಿ ಚಾನಲ್ಲು ಎಂದರೆ ಮೊದಲು ನಾಲೆ, ಆಮೇಲೆ ದೂರದರ್ಶನದ ವಾಹಿನಿ. ಚಾನಲ್ಲಿಗೆ ನೀರು ಬಿಡುತ್ತಾರೆ, ಚಾನಲ್ಲನ್ನು ತಿರುಗಿಸುತ್ತಾರೆ. ಎಂಜಿನಿಯರನ ಕಡತದಲ್ಲಿ ಇದೇ ನಾಲೆ 'ಕೆನಾಲ್'. ಕೆನಾಲ್, ಚಾನೆಲ್ ಎರಡಕ್ಕೂ ಮೂಲ ಲ್ಯಾಟಿನ್ ಭಾಷೆಯ 'ಕನಾಲಿಸ್' ಎಂಬ ಒಂದೇ ಪದ. ಒಂದು ಮೂಲರೂಪಕ್ಕೆ ಹತ್ತಿರವಾಗಿ ಉಳಿಯಿತು, ಇನ್ನೊಂದು ಹಳೆಯ ಫ್ರೆಂಚರ ನಾಲಗೆಯಲ್ಲಿ ಸವೆದು ಇಂಗ್ಲಿಷಿಗೆ ಬಂತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಒಂದು ತತ್ಸಮ, ಇನ್ನೊಂದು ತದ್ಭವ. ನಮ್ಮ ಹಳ್ಳಿಗರ ತದ್ಭವಗಳನ್ನು ಅಪಭ್ರಂಶವೆಂದು ತಿದ್ದುವಾಗ, ಇಂಗ್ಲಿಷ್ ನಿಘಂಟಿನ ತುಂಬ ಇರುವುದೂ ಇಂಥವೇ ಎಂಬುದನ್ನು ನೆನೆಯಬೇಕು.

ಹಾಸನಕ್ಕೆ ಬಂದ ಮೇಲೆ ಪದಗಳು ದಿನನಿತ್ಯ ಬಸ್‌ನಿಲ್ದಾಣದಿಂದಲೇ ಸಿಗುತ್ತಿದ್ದವು. ಕಂಡಕ್ಟರನ 'ರೈಟ್' ಬಲಗಡೆಯೂ ಅಲ್ಲ, ಸರಿಯೂ ಅಲ್ಲ. ಹೊರಡು ಎಂಬ ಆಜ್ಞೆ. 'ಹೋಲ್ಡಾನ್' ಎಂದರೆ ಹಿಡಿದುಕೋ ಎಂದಲ್ಲ, ನಿಲ್ಲಿಸು ಎಂದು. ರೈಟ್ ಎಂಬ ಸದ್ದಿಗೆ ಬರೆ ಎಂಬ ಅರ್ಥವೂ ಇದೆಯಷ್ಟೆ. ಸಕಲೇಶಪುರದಿಂದ ಬಂದ ವಿದ್ಯಾರ್ಥಿಯೊಬ್ಬ ಪರಿಚಯ ಹೇಳಿಕೊಳ್ಳುತ್ತ, "ನಮ್ಮ ತಂದೆ ರೈಟರ್ ಸಾರ್" ಎಂದ. ಲೇಖಕರ ಮಗನೆಂದು ಸಂತೋಷಪಟ್ಟು, ಯಾವ ಪುಸ್ತಕ ಬರೆದಿದ್ದಾರೆ ಎಂದು ಕೇಳಿದೆ. "ಚೆಕ್‌ರೋಲ್ ಪುಸ್ತಕ ಸಾರ್" ಎಂದ. ಕಾಫಿ ತೋಟದಲ್ಲಿ ಆಳುಗಳ ಹಾಜರಿ, ಕೂಲಿಯ ಲೆಕ್ಕ ಬರೆಯುವ ಗುಮಾಸ್ತೆ ರೈಟರ್. ಈ ಸಲ ನಾನು ನಗಲಿಲ್ಲ. ಅಂದು ಸಂಜೆ ಯೂಲ್ ಮತ್ತು ಬರ್ನೆಲ್ ಅವರ 1886ರ 'ಹಾಬ್ಸನ್ ಜಾಬ್ಸನ್' ಕೋಶವನ್ನು ನೋಡಿದೆ. ಈಸ್ಟ್ ಇಂಡಿಯಾ ಕಂಪನಿಯ ಕಿರಿಯ ದರ್ಜೆಯ ನೌಕರನಿಗೂ, ಕಚೇರಿಯ ನಕಲು ಗುಮಾಸ್ತೆಗೂ ರೈಟರ್ ಎಂಬ ಹೆಸರಿತ್ತು. ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗ್ 1777ರಲ್ಲಿ ಎದ್ದದ್ದು ಕವಿಗಳಿಗಾಗಿ ಅಲ್ಲ, ಈ ಗುಮಾಸ್ತೆಗಳಿಗಾಗಿ. ಮಲೆನಾಡಿನ ತೋಟದ ಅರ್ಥ ಕಂಪನಿಯ ಕಾಲದ ಅರ್ಥ. ಹೊಸದಾಗಿ ಬಂದದ್ದು ನನ್ನ ತಿಳಿವಳಿಕೆ. ಅಷ್ಟೇ ಏಕೆ, ನಮ್ಮ 'ಲೇಖಕ' ಶಬ್ದವೂ ಹಿಂದೆ ಓಲೆಯ ಮೇಲೆ ಪ್ರತಿ ಮಾಡುವವನನ್ನು ಸೂಚಿಸುತ್ತಿತ್ತು. ಗ್ರಂಥಕರ್ತನೆಂಬ ಅರ್ಥ ಈಗ ಅದನ್ನು ಪೂರ್ತಿಯಾಗಿ ಆವರಿಸಿಕೊಂಡಿದೆ.

ಪ್ರತಿ ಮಾಡುವ ಮಾತು ಬಂದುದರಿಂದ 'ಕಾಪಿ'ಯನ್ನು ಹೇಳಬೇಕು. ಫಕಾರ ಕನ್ನಡದ ನಾಲಗೆಗೆ ಮೂಲತಃ ಇಲ್ಲದ ಧ್ವನಿ. ಹೀಗಾಗಿ ಕುಡಿಯುವ ಕಾಫಿಯೂ ನಕಲು ಎಂಬರ್ಥದ ಕಾಪಿಯೂ ಹಾಸನದಲ್ಲಿ ಒಂದೇ ಆಗಿವೆ. ಒಂದರ ಮೂಲ ಅರಬ್ಬಿಯ 'ಕಹ್ವಾ', ಇನ್ನೊಂದರದು ಲ್ಯಾಟಿನ್ನಿನ 'ಕೋಪಿಯಾ', ಅಂದರೆ ಸಮೃದ್ಧಿ. ಕಾಪಿ ಕುಡಿದವನನ್ನು ಯಾರೂ ಪರೀಕ್ಷಾ ಕೊಠಡಿಯಿಂದ ಹೊರಗೆ ಕಳಿಸುವುದಿಲ್ಲ. ಕಾಪಿ ಹೊಡೆದವನನ್ನು ಕಳಿಸುತ್ತಾರೆ. ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಸಮೃದ್ಧಿ ಎಂಬ ಮೂಲಾರ್ಥ ಅಂಥ ಶಾಸ್ತ್ರದಾನಕ್ಕೆ ಎಷ್ಟು ಒಪ್ಪುತ್ತದೆ! ಅದೇ ಪದ 'ಹೊಡೆ' ಎಂಬ ಕ್ರಿಯಾಪದದ ಸಂಗದಿಂದ ಕಳ್ಳತನದ ಅರ್ಥಕ್ಕೆ ಇಳಿಯಿತು. 'ಲೈನ್' ಪದದ ಪಾಡೂ ಇದೇ: ಲೈನ್ ಎಳೆದರೆ ವಿದ್ಯುತ್ ಇಲಾಖೆಯವನು, ಲೈನ್ ಹೊಡೆದರೆ ಪಡ್ಡೆ ಹುಡುಗ. ನಿಘಂಟಿಗೆ ಸೇರದ ಗ್ರಾಮ್ಯಾರ್ಥಗಳು ನಮ್ಮಲ್ಲಿ ಹೆಚ್ಚಾಗಿ ಹುಟ್ಟುವುದು ಈ 'ಹೊಡೆ'ಯಿಂದಲೇ ಎಂದು ನನ್ನ ನೋಟುಪುಸ್ತಕ ಹೇಳುತ್ತದೆ.

ಈ ಅನುಮಾನ ನಿಶ್ಚಯವಾದದ್ದು ಚನ್ನರಾಯಪಟ್ಟಣದಲ್ಲಿ. ಅದು ತೆಂಗಿನ ಸೀಮೆ, ನೀರಿಗೆ ಬಹುಮಟ್ಟಿಗೆ ಕೊಳವೆಬಾವಿಯನ್ನು ನೆಚ್ಚಿದ್ದು. ಅಲ್ಲಿ 'ಬೋರ್' ಎಂಬುದು ಬದುಕಿನ ಪ್ರಶ್ನೆ. ಬೇಸರ ಎಂಬರ್ಥದ ಬೋರ್ ಬೇರೆ, ಕೊರೆಯುವ ಬೋರ್ ಬೇರೆ ಎಂದು ಇಂಗ್ಲಿಷ್ ನಿಘಂಟುಗಳು ಎರಡು ನಮೂದುಗಳನ್ನು ಕೊಡುತ್ತವೆ. ನಮ್ಮವರು ಇವನ್ನು ಹೇಗೆ ಬೇರ್ಪಡಿಸುತ್ತಾರೆ ನೋಡಿ. 'ನನಗೆ ಬೋರ್ ಹೊಡೆಯಿತು' ಎಂದರೆ ಬೇಸರವಾಯಿತು. 'ನಾನು ಬೋರ್ ಹೊಡೆಸಿದೆ' ಎಂದರೆ ಸಾಲ ಮಾಡಿ ನೆಲ ಕೊರೆಸಿದೆ. ಪದ ಒಂದೇ, ಧಾತುವೂ ಒಂದೇ. 'ಇಸು' ಎಂಬ ಪ್ರೇರಣಾರ್ಥಕ ಪ್ರತ್ಯಯವೊಂದು, ಅದಕ್ಕೆ ತಕ್ಕ ವಿಭಕ್ತಿಯೊಂದು ಬಂದು ಎರಡು ಲೋಕಗಳನ್ನು ಬೇರೆ ಮಾಡುತ್ತವೆ. ಇದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿಯ ಕನ್ನಡ ಶಾಸನವೂ ಚಾವುಂಡರಾಯನ ಬಗೆಗೆ 'ಮಾಡಿಸಿದಂ' ಎನ್ನುತ್ತದೆ, ಮಾಡಿದನೆನ್ನುವುದಿಲ್ಲ. ಸಾವಿರ ವರ್ಷಗಳಿಂದ ಕನ್ನಡಿಗರು ಈ ಸಣ್ಣ ಪ್ರತ್ಯಯಕ್ಕೆ ದೊಡ್ಡ ಕೆಲಸಗಳನ್ನು ಒಪ್ಪಿಸಿದ್ದಾರೆ. ಸ್ವಾರಸ್ಯವೆಂದರೆ ಕನ್ನಡದ 'ಕೊರೆ' ಧಾತುವಿಗೂ ಇಂದು ಎರಡೂ ಅರ್ಥಗಳಿವೆ: ಯಂತ್ರ ನೆಲವನ್ನು ಕೊರೆಯುತ್ತದೆ, ಭಾಷಣಕಾರ ಸಭೆಯನ್ನು ಕೊರೆಯುತ್ತಾನೆ.

ಸದೃಶ ಶಬ್ದಗಳ ಸಮಸ್ಯೆ ಇಂಗ್ಲಿಷಿನಿಂದ ಹೊಸದಾಗಿ ಬಂದದ್ದಲ್ಲ. ಪ್ರಾಣ ಶಬ್ದದ ತದ್ಭವ 'ಹರಣ'. ಅಪಹರಿಸುವುದು ಎಂಬರ್ಥದ ತತ್ಸಮವೂ 'ಹರಣ'. ಹರಣ ಹೋಯಿತು, ಹರಣ ಮಾಡಿದ - ಓದುಗ ಎಲ್ಲಿಯೂ ಎಡವುವುದಿಲ್ಲ. 'ಅಮರಕೋಶ'ದ ನಾನಾರ್ಥವರ್ಗ, ಜೈನ ಕೋಶಕಾರ ಧನಂಜಯನ 'ಅನೇಕಾರ್ಥ ನಾಮಮಾಲಾ' ಮುಂತಾದವು ಒಂದು ಶಬ್ದಕ್ಕೆ ಹಲವು ಅರ್ಥಗಳಿರುವುದನ್ನು ದೋಷವೆಂದು ಎಣಿಸದೆ, ಕ್ರಮವಾಗಿ ಪಟ್ಟಿ ಮಾಡಿದವು. ಆದರೆ ಕೋಶಗಳು ಹೆಚ್ಚಾಗಿ ನಾಮಪದಗಳನ್ನು ಒಂಟಿಯಾಗಿ ನಿಲ್ಲಿಸಿ ಅರ್ಥ ಹೇಳುತ್ತವೆ. ನಾಲ್ಕೂರುಗಳ ಅನುಭವ ನನಗೆ ಕಲಿಸಿದ್ದು ಇಷ್ಟು: ಎರವಲು ನಾಮಪದಕ್ಕೆ ಕನ್ನಡದಲ್ಲಿ ಅರ್ಥ ಕೊಡುವುದು ಅದರ ಪಕ್ಕದಲ್ಲಿ ನಿಂತ ಕನ್ನಡದ ಕ್ರಿಯಾಪದ. ಇಂಗ್ಲಿಷ್ ತನ್ನ ಸದೃಶ ಶಬ್ದಗಳನ್ನು ಕಾಗುಣಿತದಿಂದ, ಕಣ್ಣಿಗೆ ಬೇರ್ಪಡಿಸಿ ತೋರಿಸುತ್ತದೆ. ಉಚ್ಚರಿಸಿದಂತೆ ಬರೆಯುವ ಕನ್ನಡಕ್ಕೆ ಆ ಉಪಾಯವಿಲ್ಲ. ಅದು ಕ್ರಿಯೆಯಿಂದ, ಕಿವಿಗೆ ಬೇರ್ಪಡಿಸುತ್ತದೆ. ಆಡುನುಡಿಯ ಎರವಲು ಪದಗಳನ್ನು ಸಂಗ್ರಹಿಸಲು ಹೊರಡುವ ಸಂಶೋಧಕ ಮಿತ್ರರಲ್ಲಿ ನನ್ನ ಅರಿಕೆ ಇದೇ: ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ಇಡೀ ವಾಕ್ಯವನ್ನು, ಹೇಳಿದವರ ಊರು ಕಸುಬುಗಳೊಂದಿಗೆ, ಬರೆದುಕೊಳ್ಳಿ.

ಇಷ್ಟು ತಿಳಿದ ಮೇಲೆ ಆ ಹುಡುಗನ ಚೀಟಿಯ ವಿಷಯದಲ್ಲಿ ನನ್ನ ತಪ್ಪು ಎಲ್ಲಿತ್ತೆಂಬುದು ಇನ್ನೂ ಸ್ಪಷ್ಟವಾಯಿತು. ಕನ್ನಡದಲ್ಲಿ ಅವನು ಬ್ಯಾರನ್ ತುಂಬಿದ್ದೆವು, ಬ್ಯಾರನ್ನಿಗೆ ಉರಿ ಹಾಕಿದ್ದೆವು, ಬ್ಯಾರನ್ ಇಳಿಸುವ ಮುನ್ನ ಬೆಂಕಿ ಬಿತ್ತು ಎಂದು ಬರೆಯುತ್ತಿದ್ದ. ಆ ಕ್ರಿಯಾಪದಗಳ ನಡುವೆ ಯಾವ ಸಾಮಂತನಿಗೂ ಜಾಗವಿರುತ್ತಿರಲಿಲ್ಲ. ಇಂಗ್ಲಿಷಿನಲ್ಲೇ ಬರೆಯಬೇಕೆಂದು ಹೇಳಿ ನಾವು ಅವನ ಕ್ರಿಯಾಪದಗಳನ್ನು ಕಿತ್ತುಕೊಂಡೆವು. ಆಮೇಲೆ, ಒಂಟಿಯಾಗಿ ಉಳಿದ ನಾಮಪದವನ್ನು ನಿಘಂಟಿನ ತಕ್ಕಡಿಯಲ್ಲಿ ಇಟ್ಟು ನಾನು ನಕ್ಕೆ.

ಆ ವರ್ಷದಿಂದ ನನ್ನ ತರಗತಿಯ ಅರ್ಜಿಗಳನ್ನು ಕನ್ನಡದಲ್ಲಿಯೂ ಬರೆಯಬಹುದೆಂದು ಹೇಳಿದೆ. ಹುಡುಗ ಓದು ಬಿಡಲಿಲ್ಲ, ಪರೀಕ್ಷೆಗೆ ಕುಳಿತ, ತೇರ್ಗಡೆಯಾದ. ಆದರೆ ತರಗತಿಯಲ್ಲಿ ಮತ್ತೆಂದೂ ನನ್ನ ಪ್ರಶ್ನೆಗೆ ತಾನಾಗಿ ಎದ್ದುನಿಂತು ಉತ್ತರ ಹೇಳಲಿಲ್ಲ. ಬೇಸಿಗೆಯ ಮೊದಲಲ್ಲಿ ಅವನಿಂದ ಇನ್ನೊಂದು ರಜೆಚೀಟಿ ಬಂತು. ಅದನ್ನು ನೋಟುಪುಸ್ತಕದ ಮೊದಲ ಪುಟಕ್ಕೆ ಅಂಟಿಸಿಟ್ಟಿದ್ದೇನೆ. ಕನ್ನಡದಲ್ಲಿ, ಎರಡೇ ಸಾಲು: ಊರಿನಲ್ಲಿ ಹೊಸ ಬ್ಯಾರನ್ ಕಟ್ಟಿಸುತ್ತಿದ್ದೇವೆ, ತಂದೆಗೆ ಸಹಾಯಕ್ಕೆ ನಾನು ಇರಬೇಕಾಗಿದೆ, ಮೂರು ದಿನ ರಜೆ ಬೇಕು. ಕೆಳಗೆ ನನ್ನ ರುಜು ಇದೆ.